ಗೊರಸು, ಗಾಲಿ, ಸರಪಳಿ: ಚಿಕ್ಕಬಳ್ಳಾಪುರ ಸೀಮೆಯ ಜಾರುವ ದಾರಿಗಳ ಚರಿತ್ರೆ

ದಾರಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೈಲಿಗಳನ್ನು ಎಣಿಸುತ್ತಾರೆ. ಯಾವ ವರ್ಷ ಎಷ್ಟು ಮೈಲಿ ರಸ್ತೆಯಾಯಿತು, ಎಷ್ಟು ಸೇತುವೆಗಳನ್ನು ಕಟ್ಟಿದರು, ಖಜಾನೆಯಿಂದ ಎಷ್ಟು ಹಣ ವ್ಯಯವಾಯಿತು ಎಂಬ ಲೆಕ್ಕ ಆಡಳಿತ ವರದಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಮಳೆ ಬಿದ್ದ ಮಾರನೆಯ ದಿನ ಆ ರಸ್ತೆಯ ಮೇಲೆ ಗಾಡಿಯ ಎತ್ತು ಕಾಲೂರಿ ನಿಲ್ಲಬಲ್ಲುದೇ, ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದೆ ಇರಬಲ್ಲುದೇ ಎಂಬ ಪ್ರಶ್ನೆಯನ್ನು ಆ ವರದಿಗಳು ಕೇಳುವುದಿಲ್ಲ. ಗಾಡಿ ಹೊಡೆಯುವವನಿಗಾದರೋ ಮೊದಲನೆಯ ಪ್ರಶ್ನೆಯೇ ಅದು. ಈ ಪ್ರಬಂಧದಲ್ಲಿ ನಾವು ಆ ಪ್ರಶ್ನೆಯನ್ನೇ ಹಿಡಿದು ಹೊರಟಿದ್ದೇವೆ.

ವಿಚಾರಕ್ಕೆ ತೆಗೆದುಕೊಂಡಿರುವ ಪ್ರದೇಶ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು. 2007ರವರೆಗೆ ಇವು ಕೋಲಾರ ಜಿಲ್ಲೆಗೆ ಸೇರಿದ್ದುವು. ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಇಲ್ಲಿ ಹಿಮ ಬೀಳುವುದಿಲ್ಲ. ಹಿಮದ ಮೇಲೆ ಮೋಟಾರು ನಡೆಸುವವರು ಚಕ್ರಗಳಿಗೆ ಸುತ್ತುವ ಸರಪಳಿಯ ಮಾತು ಈ ಸೀಮೆಯ ಚರಿತ್ರೆಯಲ್ಲಿ ಏಕೆ ಬರಬೇಕೆಂದು ವಾಚಕರು ಕೇಳಬಹುದು. ಚಳಿದೇಶಗಳಲ್ಲಿ ವರ್ಷಕ್ಕೆ ನಾಲ್ಕಾರು ದಿನ ಮಾತ್ರ ಹಿಮವನ್ನು ದಾಟಬೇಕಾದವನ ತೊಡಕನ್ನು ನೋಡಿದರೆ ಉತ್ತರ ತೋರುತ್ತದೆ. ಉಳಿದ ಮುನ್ನೂರೈವತ್ತು ದಿನ ಅವನ ದಾರಿ ಒಣಗಿರುತ್ತದೆ. ಆ ನಾಲ್ಕಾರು ದಿನಗಳಿಗಾಗಿ ಅವನು ವಾಹನವನ್ನೇ ಬದಲಿಸಲಾರ. ಬೇಕಾದಾಗ ತೊಡಿಸಿ, ಬೇಡವಾದಾಗ ಕಳಚಿಡುವ ಸಾಧನವೊಂದನ್ನು ಆರಿಸಿಕೊಳ್ಳಬೇಕು. ನಮ್ಮ ನಾಲ್ಕು ತಾಲ್ಲೂಕುಗಳ ಗಾಡಿಯವರ ಸ್ಥಿತಿಯೂ ಹೀಗೆಯೇ ಇತ್ತು. ಇಲ್ಲಿ ಮಳೆ ಹೆಚ್ಚಿನದಲ್ಲ. ಬೀಳುವುದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಜಾರುವ ದಿನಗಳು ಕೆಲವೇ ಕೆಲವು. ಆದರೆ ಹೊಲದ ಫಸಲು ಸಂತೆಗೆ ಹೋಗತಕ್ಕ ದಿನಗಳೂ ಅವುಗಳ ಹತ್ತಿರದಲ್ಲಿಯೇ ಬರುತ್ತವೆ.

ಇಲ್ಲಿಯ ನೆಲವನ್ನು ಕುರಿತು ಒಂದು ಮಾತು ಅವಶ್ಯಕ. ಈ ಸೀಮೆಯಲ್ಲಿ ದಾರಿಹೋಕನ ಕಾಲ ಕೆಳಗೆ ನಾಲ್ಕು ಬಗೆಯ ನೆಲ ಬರುತ್ತದೆ: ನೊರಜು ಬೆರೆತ ಕೆಮ್ಮಣ್ಣು, ಕೆರೆಗಳ ಅಂಗಳದ ಕಪ್ಪು ಗೋಡು, ಹೊಳೆಪಾತ್ರದ ಮರಳು, ಬೆಟ್ಟಗುಡ್ಡಗಳ ಬರಿಯ ಬಂಡೆ. ಕೆಮ್ಮಣ್ಣು ಒದ್ದೆಯಾದರೂ ಅದರಲ್ಲಿರುವ ಹರಳು ಕಾಲಿಗೆ ತಡೆ ಕೊಡುತ್ತದೆ. ಗೋಡು ಒದ್ದೆಯಾದರೆ ಬೆಣ್ಣೆಯಂತೆ. ಮರಳು ಜಾರುವುದಿಲ್ಲ, ನುಂಗುತ್ತದೆ. ಬಂಡೆ ಒಣಗಿದ್ದಾಗ ಎಲ್ಲಕ್ಕಿಂತ ಗಟ್ಟಿಯಾದ ಆಸರೆ, ಪಾಚಿ ಕಟ್ಟಿ ನೆನೆದಾಗ ಎಲ್ಲಕ್ಕಿಂತ ಅಪಾಯದ್ದು. ಒಂದು ನೆಲಕ್ಕೆ ಒಪ್ಪುವ ಸಾಧನ ಇನ್ನೊಂದಕ್ಕೆ ಒಪ್ಪುವುದಿಲ್ಲ ಎಂಬುದು ಮುಂದೆ ಹಲವು ಕಡೆ ಕಾಣಬರುತ್ತದೆ.

ಗಾಡಿಗಳು ಬಳಕೆಗೆ ಬರುವುದಕ್ಕೆ ಮುಂಚೆ ಸರಕು ಎತ್ತಿನ ಬೆನ್ನಿನ ಮೇಲೆ ಹೋಗುತ್ತಿತ್ತು. ಕ್ರಿ.ಶ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಬೆಂಗಳೂರಿನ ಪೇಟೆಯ ವ್ಯಾಪಾರವನ್ನು ವರ್ಣಿಸುವಾಗ ಎತ್ತಿನ ಹೇರುಗಳ ಲೆಕ್ಕದಲ್ಲಿಯೇ ಮಾತನಾಡುತ್ತಾನೆ. ಹೇರೆತ್ತಿಗೆ ಜಾರುವ ಭಯ ಕಡಿಮೆ. ಸೀಳಿದ ಗೊರಸು ನೆನೆದ ಮಣ್ಣಿನಲ್ಲಿ ಊರಿದಾಗ ಎರಡು ಬೆರಳುಗಳೂ ಅಗಲವಾಗಿ ಮಣ್ಣನ್ನು ಹಿಡಿಯುತ್ತವೆ. ಎತ್ತುವಾಗ ಕೂಡಿಕೊಂಡು ಸುಲಭವಾಗಿ ಹೊರಬರುತ್ತವೆ. ಯಾವ ಕಮ್ಮಾರನೂ ಇಂಥ ಸಾಧನವನ್ನು ಮಾಡಿಕೊಟ್ಟಿಲ್ಲ. ಹೇರೆತ್ತಿಗೂ ಒಪ್ಪಿಸಲಾಗದ ಸರಕನ್ನು ಮನುಷ್ಯನೇ ಹೊರುತ್ತಿದ್ದನು. ಬಳೆಗಾರನ ಮಲಾರ ಇದಕ್ಕೆ ಉದಾಹರಣೆ. ಚಿಂತಾಮಣಿಯ ಬಳಿಯ ಕೈವಾರದ ನಾರೇಯಣ ಯತೀಂದ್ರರು ಪೂರ್ವಾಶ್ರಮದಲ್ಲಿ ಬಳೆ ಮಾರುತ್ತಿದ್ದರೆಂದು ಐತಿಹ್ಯ ಹೇಳುತ್ತದೆ. ಗಾಜಿನ ಬಳೆಗಳನ್ನು ಹೆಗಲಿಗೇರಿಸಿಕೊಂಡು ಊರೂರು ನಡೆಯುವವನಿಗೆ ಒಂದು ಸಲ ಕಾಲು ಜಾರಿದರೆ ಬಂಡವಾಳವೇ ಹೋಯಿತು. ಆ ವೃತ್ತಿಯವರಿಗೆ ತಮ್ಮ ಅಂಗಾಲಿನ ಮೇಲಿದ್ದ ನಂಬಿಕೆ ಬೇರೆ ಯಾವುದರ ಮೇಲೂ ಇದ್ದಿರಲಾರದು.

ಭಾರವಾದ ವಸ್ತುವನ್ನು ಗಾಲಿಯ ಮೇಲೆ ಬೆಟ್ಟಕ್ಕೆ ಏರಿಸಿದ ಒಂದು ಮಹಾಪ್ರಯತ್ನ ಈ ಸೀಮೆಯಲ್ಲಿ 1791ರಲ್ಲಿ ನಡೆಯಿತು. ಮೂರನೆಯ ಮೈಸೂರು ಯುದ್ಧದ ಆ ವರ್ಷದ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಳಿಗೆ ಹೋಗಿದ್ದರೂ ಕೋಟೆಯನ್ನು ಮುತ್ತಲಾಗಲಿಲ್ಲ. ಮಳೆ ಹಿಡಿಯಿತು, ಮೇವು ತೀರಿತು, ರೋಗ ತಗುಲಿ ಎಳೆಯುವ ಎತ್ತುಗಳು ಸತ್ತುವು. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಆ ಸೇನೆಯನ್ನು ಸೋಲಿಸಿದ್ದು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಕೆಸರು ಮತ್ತು ಹಸಿವು ಎಂದರೆ ಅತಿಶಯೋಕ್ತಿಯಾಗಲಾರದು. ನಾಲ್ಕು ತಿಂಗಳ ಮೇಲೆ ಅದೇ ಸೇನೆಯ ಒಂದು ದಳ ಮೇಜರ್ ಗೌಡೀ ಎಂಬವನ ಕೈಕೆಳಗೆ ನಂದಿದುರ್ಗವನ್ನು ಮುತ್ತಿತು.

ನಂದಿದುರ್ಗ ಸಮುದ್ರಮಟ್ಟದಿಂದ 4,851 ಅಡಿ ಎತ್ತರದ್ದು. ಬಹುಪಾಲು ಎಲ್ಲ ದಿಕ್ಕುಗಳಲ್ಲಿಯೂ ಕಡಿದಾದ ಬಂಡೆ. ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ ಹತ್ತುವುದು ಸಾಧ್ಯವಿತ್ತು, ಅದೂ ಬಂಡೆಗುಂಡುಗಳಿಂದ ತುಂಬಿದ್ದಿತು. ಗೋಡೆಯನ್ನು ಒಡೆಯುವಷ್ಟು ಹತ್ತಿರಕ್ಕೆ ಫಿರಂಗಿಗಳನ್ನು ಒಯ್ಯಲು ಆ ಇಳಿಜಾರಿನ ಮೇಲೆ ದಾರಿಯನ್ನು ಕಡಿಯಬೇಕಾಯಿತು. ಎತ್ತುಗಳಿಂದ ಆ ಕೆಲಸ ಆಗುವಂತಿರಲಿಲ್ಲ. ಆನೆಗಳಿಲ್ಲದಿದ್ದರೆ ಫಿರಂಗಿಗಳು ಆ ಬೆಟ್ಟದ ಮೈಯನ್ನು ಏರುತ್ತಲೇ ಇರಲಿಲ್ಲವೆಂದು ಆ ಕಾಲದ ವೃತ್ತಾಂತಗಳ ಸಾರ. ಆನೆಯ ಬಲವನ್ನು ಎಲ್ಲರೂ ಹೊಗಳುತ್ತಾರೆ. ಅದರ ಪಾದವನ್ನು ಯಾರೂ ನೆನೆಯುವುದಿಲ್ಲ. ಅಗಲವಾದ, ಮೆತ್ತನೆಯ, ಬಿರುಕುಬಿರುಕಾದ ಚರ್ಮದ ಆ ಅಂಗಾಲು ಬಂಡೆಯ ಏರಿಳಿತಕ್ಕೆ ತಕ್ಕಂತೆ ಒತ್ತಿಕೊಂಡು ಕೂರುತ್ತದೆ. ಎತ್ತಿನ ಗಡುಸಾದ ಗೊರಸು ಬಂಡೆಯ ಮೇಲೆ ಎರಡು ಮೂರು ಬಿಂದುಗಳಲ್ಲಿ ಮಾತ್ರ ತಾಗುತ್ತದೆ. ಇಂದಿನ ರಬ್ಬರಿನ ಚಕ್ರ ಬಂಡೆಯ ಮೇಲೆ ಮಾಡುವ ಕೆಲಸವನ್ನೇ ಆನೆಯ ಪಾದ 1791ರಲ್ಲಿ ನಂದಿಯ ಮೇಲೆ ಮಾಡಿತೆಂದು ನಮ್ಮ ಅಭಿಪ್ರಾಯ. ಮುತ್ತಿಗೆ ಮೂರು ವಾರಗಳಿಗೂ ಹೆಚ್ಚು ನಡೆದು ಅಕ್ಟೋಬರ್ 19ರಂದು ದುರ್ಗ ಕೈವಶವಾಯಿತು. ಅದು ಮಳೆಗಾಲದ ಕೊನೆ ಎಂಬುದನ್ನು ಮರೆಯಬಾರದು.

ಈ ಸೀಮೆಯಲ್ಲಿ ಗಾಡಿಯ ಯುಗ ನಿಜವಾಗಿ ಆರಂಭವಾದುದು 1831ರ ಅನಂತರ, ಕಮಿಷನರರ ಆಡಳಿತದಲ್ಲಿ. 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು. ನಂದಿಯ ಮೇಲೆ ಅವನ ಬೇಸಗೆಯ ಮನೆಯಿತ್ತು. ಜಲ್ಲಿ ಹಾಕಿ ಗಟ್ಟಿಮಾಡಿದ ಈ ರಸ್ತೆಗಳ ಮೇಲೆ ಒಂದು ಜೊತೆ ಎತ್ತು ಹತ್ತಾರು ಹೇರೆತ್ತುಗಳ ಸರಕನ್ನು ಎಳೆಯಬಹುದಾಗಿತ್ತು. ಚರಿತ್ರಕಾರರು ಸಾಮಾನ್ಯವಾಗಿ ಇಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಜಲ್ಲಿಯ ಮೇಲೆ ದಿನವೂ ನಡೆದರೆ ಗೊರಸು ಸವೆಯುತ್ತದೆ. ಸವೆದ ಗೊರಸಿನ ಎತ್ತು ಕುಂಟುತ್ತದೆ. ಮಣ್ಣಿನ ದಾರಿಯಲ್ಲಿ ಅಷ್ಟಾಗಿ ಬೇಡವಾಗಿದ್ದ ಲಾಳ, ಜಲ್ಲಿಯ ದಾರಿಯಲ್ಲಿ ಅನಿವಾರ್ಯವಾಯಿತು. ದಾರಿ ಗಟ್ಟಿಯಾದಷ್ಟೂ ಕಾಲಿಗೆ ಕಬ್ಬಿಣ ಬೇಕಾಯಿತು.

ಲಾಳ ಕಟ್ಟುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕ, ಏಕೆಂದರೆ ಈ ವಿದ್ಯೆ ಕಣ್ಮರೆಯಾಗುತ್ತಿದೆ. ಕುದುರೆಯನ್ನು ನಿಲ್ಲಿಸಿಕೊಂಡೇ ಕಾಲೆತ್ತಿ ಲಾಳ ಹೊಡೆಯಬಹುದು. ಎತ್ತು ಹಾಗೆ ನಿಲ್ಲುವ ಪ್ರಾಣಿಯಲ್ಲ. ಹಗ್ಗ ಹಾಕಿ ಅದನ್ನು ಕೆಡವಬೇಕು. ನಾಲ್ಕು ಕಾಲುಗಳನ್ನೂ ಕೂಡಿಸಿ ಕಟ್ಟಬೇಕು. ಒಬ್ಬನು ಕೊಂಬನ್ನು ಹಿಡಿದು ತಲೆಯನ್ನು ನೆಲಕ್ಕೆ ಒತ್ತಿಕೊಂಡಿರಬೇಕು. ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೂ ಎರಡೆರಡು ತಗಡು. ಒಂದು ಎತ್ತಿಗೆ ಎಂಟು, ಒಂದು ಜೊತೆಗೆ ಹದಿನಾರು. ಮೊದಲು ಗೊರಸಿನ ಅಡಿಯನ್ನು ಹೆರೆದು ಸಮಮಾಡುತ್ತಾರೆ, ಆಮೇಲೆ ತಗಡನ್ನಿಟ್ಟು ಮೊಳೆ ಹೊಡೆಯುತ್ತಾರೆ. ಗೊರಸಿನ ಹೊರಗಡೆಯ ಭಾಗ ಉಗುರಿನಂತೆ, ಅದಕ್ಕೆ ನೋವಿಲ್ಲ, ಒಳಭಾಗ ಜೀವವುಳ್ಳದ್ದು. ಮೊಳೆ ಒಂದು ಬತ್ತದಷ್ಟು ಒಳಕ್ಕೆ ಓರೆಯಾದರೂ ಜೀವಕ್ಕೆ ತಾಗಿ ಕೀವಾಗುತ್ತದೆ. ಎತ್ತು ವಾರಗಟ್ಟಲೆ ನೆಲಕ್ಕೆ ಕಾಲೂರುವುದಿಲ್ಲ. ರೈತನೊಬ್ಬನ ಬಳಿ ಇರುವುದು ಒಂದೇ ಜೊತೆಯಾದರೆ ಆ ವಾರಗಳಲ್ಲಿ ಅವನ ಉಳುಮೆಯೂ ನಿಂತಿತು, ಬಾಡಿಗೆಯೂ ನಿಂತಿತು. ಆದುದರಿಂದ ಸಂತೆಯ ಮೂಲೆಯಲ್ಲಿ ಕೂತಿರುತ್ತಿದ್ದ ಲಾಳದವನು ಸಾಮಾನ್ಯ ಕೂಲಿಯವನಂತೆ ತೋರಿದರೂ ಅವನ ಸುತ್ತಿಗೆಯ ತುದಿಯಲ್ಲಿ ಒಂದು ಸಂಸಾರದ ವರ್ಷಾನ್ನ ಇರುತ್ತಿತ್ತು.

ಇಲ್ಲಿ ಒಂದು ಆಯ್ಕೆಯ ಪ್ರಶ್ನೆಯೂ ಇತ್ತು. ಹೊಲದಲ್ಲಿ ಮಾತ್ರ ದುಡಿಯುವ ಎತ್ತಿಗೆ ರೈತರು ಸಾಮಾನ್ಯವಾಗಿ ಲಾಳ ಕಟ್ಟಿಸುವುದಿಲ್ಲ; ರಸ್ತೆಯ ಮೇಲೆ ಗಾಡಿ ಎಳೆಯುವ ಎತ್ತಿಗೆ ಕಟ್ಟಿಸುತ್ತಾರೆ. ಎರಡು ಕೆಲಸವನ್ನೂ ಮಾಡುವ ಎತ್ತಿನ ವಿಷಯದಲ್ಲಿ ಒಡೆಯನು ಲೆಕ್ಕ ಹಾಕಬೇಕು. ವರ್ಷಕ್ಕೆ ಎಷ್ಟು ದಿನ ರಸ್ತೆ, ಎಷ್ಟು ದಿನ ಹೊಲ? ಚಳಿದೇಶದ ಮೋಟಾರಿನವನು ಹಿಮದ ದಿನಗಳನ್ನು ಎಣಿಸಿ ಸರಪಳಿ ಕೊಳ್ಳಬೇಕೆ ಬೇಡವೆ ಎಂದು ಯೋಚಿಸುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಈ ಹೋಲಿಕೆ ನಮ್ಮ ಕಲ್ಪನೆಯಷ್ಟೇ ಅಲ್ಲ. ಯುರೋಪಿನಲ್ಲಿ ನೀರು ಹೆಪ್ಪುಗಟ್ಟಿದ ದಿನಗಳಲ್ಲಿ ಕುದುರೆಯ ಲಾಳಕ್ಕೆ ಚೂಪುತಲೆಯ ಮೊಳೆಗಳನ್ನು ಸೇರಿಸಿ, ಹೆಪ್ಪು ಕರಗಿದ ಮೇಲೆ ತೆಗೆದುಹಾಕುವ ವಾಡಿಕೆಯಿತ್ತು. ಮೋಟಾರಿನ ಚಕ್ರಕ್ಕೆ ಸುತ್ತುವ ಸರಪಳಿ ಆ ಮೊಳೆಯ ಸಂತತಿ. ನಮ್ಮ ಲಾಳವೂ ಅದೇ ವಂಶದ್ದು. ಆದರೆ ಅದು ಸವೆತವನ್ನು ತಡೆಯಲು ಬಂದದ್ದು, ಜಾರುವುದನ್ನು ತಡೆಯಲು ಬಂದದ್ದಲ್ಲ. ನಯವಾಗಿ ಸವೆದ ಲಾಳ ನೆನೆದ ಬಂಡೆಯ ಮೇಲೆ ಬರಿಯ ಗೊರಸಿಗಿಂತ ಹೆಚ್ಚು ಜಾರುತ್ತದೆ. ಮುಂದೆ ಟಾರು ರಸ್ತೆಗಳು ಬಂದಾಗ ಈ ದೋಷ ಎದ್ದುಕಂಡಿತು. ಮಳೆಯಲ್ಲಿ ಟಾರಿನ ಮೇಲೆ ಮುಂಗಾಲು ಮಡಿಸಿ ಬಿದ್ದ ಎತ್ತನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ಎತ್ತಿನ ಗಾಡಿಗೂ ಮೋಟಾರಿಗೂ ಇರುವ ಮೂಲಭೇದವೂ ಇಲ್ಲಿಯೇ ಇದೆ. ಗಾಡಿಯ ಗಾಲಿ ಸುಮ್ಮನೆ ಉರುಳುತ್ತದೆ. ಮುಂದಕ್ಕೆ ಒಯ್ಯುವ ಕೆಲಸವೆಲ್ಲ ಗೊರಸಿನದು. ಗೊರಸು ನೆಲವನ್ನು ಹಿಡಿಯಬೇಕು, ಗಾಲಿ ನೆಲವನ್ನು ಬಿಡಬೇಕು. ಮರದ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿ ನುಣುಪಾಗಿಯೂ ಕಿರಿದಾಗಿಯೂ ಇದ್ದರೆ ಎಳೆತ ಹಗುರ. ಮೋಟಾರಿನಲ್ಲಿಯೂ ರೈಲಿನಲ್ಲಿಯೂ ತಳ್ಳುವುದು ಗಾಲಿಯೇ. ಹಿಡಿಯುವ ಹೊಣೆ ಗಾಲಿಯ ಮೇಲೆ ಬಿತ್ತು. ಗಾಡಿಯವನು ಗಾಲಿಯನ್ನು ಕುರಿತು ಚಿಂತಿಸುತ್ತಿದ್ದುದು ಇಳಿಜಾರಿನಲ್ಲಿ ಮತ್ತು ನಿಲ್ಲಿಸಬೇಕಾದ ಕಡೆಯಲ್ಲಿ ಮಾತ್ರ. ಏರಿನ ನಡುವೆ ಎತ್ತು ಉಸಿರು ತೆಗೆದುಕೊಳ್ಳಲು ನಿಂತರೆ ಹಿಂದಿನಿಂದ ಒಬ್ಬನು ಓಡಿಬಂದು ಗಾಲಿಗೆ ಕಲ್ಲು ಕೊಡುತ್ತಿದ್ದನು. ಇಳಿಯುವಾಗ ಮರದ ತುಂಡನ್ನು ಹಗ್ಗದಿಂದ ಜಗ್ಗಿ ಗಾಲಿಗೆ ಒತ್ತುತ್ತಿದ್ದರು. ಅದೂ ಇಲ್ಲದ ಗಾಡಿಗಳಲ್ಲಿ ಇಳಿಜಾರಿನ ಭಾರವೆಲ್ಲ ನೊಗದ ಮೂಲಕ ಎತ್ತಿನ ಕತ್ತಿನ ಮೇಲೆ ಬೀಳುತ್ತಿತ್ತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನು ಕೈಗೆತ್ತಿಕೊಂಡಾಗ ಎತ್ತು ಪಡುವ ಈ ಹಿಂಸೆಯನ್ನೂ ಲೆಕ್ಕಕ್ಕೆ ತಂದರೆಂಬುದು ಅವರ ಕೆಲಸದ ಹಿರಿಮೆ.

ಹೆಚ್ಚಿನ ಬಲ ಬೇಕಾದ ಕಡೆ ಗಾಡಿಯವರು ಆರಿಸಿಕೊಂಡ ಉಪಾಯ ಬಹು ಸರಳವಾದದ್ದು: ಹಿಂದಿನ ಗಾಡಿಯ ಎತ್ತುಗಳನ್ನು ಬಿಚ್ಚಿ ಮುಂದಿನ ಗಾಡಿಗೆ ಹೂಡುವುದು, ಅದು ದಾಟಿದ ಮೇಲೆ ಎರಡು ಜೊತೆಗಳನ್ನೂ ಹಿಂದಕ್ಕೆ ತಂದು ಎರಡನೆಯದನ್ನು ದಾಟಿಸುವುದು. ಇದಕ್ಕೆ ಕಾಸಿನ ಖರ್ಚಿಲ್ಲ, ಜೊತೆಗಾರರು ಬೇಕು. ಗಾಡಿಗಳು ಒಂಟಿಯಾಗಿ ಹೋಗದೆ ಸಾಲಾಗಿ ಹೋಗುತ್ತಿದ್ದುದಕ್ಕೆ ಕಳ್ಳರ ಭಯವೊಂದೇ ಕಾರಣವೆಂದು ಹೇಳುವವರು ಇದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಗೌರಿಬಿದನೂರಿನ ಕಡೆ ಉತ್ತರ ಪಿನಾಕಿನಿಯ ಮರಳನ್ನು ದಾಟುವಾಗಿನ ತೊಂದರೆ ಬೇರೆ ಬಗೆಯದು. ಮರಳಿನಲ್ಲಿ ಕಿರಿದಾದ ಕಬ್ಬಿಣದ ಪಟ್ಟಿ ಕತ್ತಿಯಂತೆ ಇಳಿಯುತ್ತದೆ. ಅಲ್ಲಿ ಮೊನೆಯುಳ್ಳ ಸಾಧನದಿಂದ ಉಪಯೋಗವಿಲ್ಲ, ಅಗಲವಾದ ಆಸರೆ ಬೇಕು. ಸೊಪ್ಪುಸದೆಯನ್ನೋ ಹುಲ್ಲನ್ನೋ ಹಾಸಿ ಅದರ ಮೇಲೆ ಗಾಲಿ ಹಾಯಿಸುವುದೇ ಉಪಾಯ. ಟೈರು ಗಾಡಿಗಳು ಬಂದಾಗ ಅವುಗಳ ಅಗಲವಾದ ಚಕ್ರ ಮರಳಿನಲ್ಲಿಯೂ ಗೋಡಿನಲ್ಲಿಯೂ ಒಳ್ಳೆಯ ಹೆಸರು ಪಡೆದುದು ಸಹಜವೇ.

ರೈಲಿನ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಗೌರಿಬಿದನೂರಿಗೆ ಬೆಂಗಳೂರು–ಹಿಂದೂಪುರ ಮಾರ್ಗ 1892–93ರ ವೇಳೆಗೆ ಬಂದಿತು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ಯಶವಂತಪುರದಿಂದ ದೇವನಹಳ್ಳಿ, ನಂದಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೂ, ಕೋಲಾರದ ಕಡೆಯಿಂದ ಚಿಂತಾಮಣಿ, ಶಿಡ್ಲಘಟ್ಟಗಳಿಗೂ ಎರಡೂವರೆ ಅಡಿ ಅಗಲದ ಕಿರಿಯ ರೈಲು ಬಂದಿತು. ಹಳಿಯ ಮೇಲೆ ಉಕ್ಕಿನ ಗಾಲಿಯ ಹಿಡಿತ ಒಣಗಿದ್ದಾಗಲೇ ಕಡಿಮೆ, ಮಂಜು ಬಿದ್ದಾಗ ಇನ್ನೂ ಕಡಿಮೆ. ಇದಕ್ಕಾಗಿ ಉಗಿಯಂತ್ರಗಳಲ್ಲಿ ಒಣಮರಳನ್ನು ತುಂಬಿಟ್ಟುಕೊಂಡು, ಗಾಲಿ ತಿರುಗಿಯೂ ಮುಂದೆ ಸಾಗದಿದ್ದಾಗ ಕೊಳವೆಯ ಮೂಲಕ ಗಾಲಿಯ ಮುಂದೆ ಹಳಿಯ ಮೇಲೆ ಉದುರಿಸುತ್ತಾರೆ. ಬೇಕಾದ ಕ್ಷಣಕ್ಕೆ ಬೇಕಾದಷ್ಟೇ ಬಳಸುವ ಸಾಧನಗಳಲ್ಲಿ ಇದಕ್ಕಿಂತ ಅಗ್ಗವಾದುದನ್ನೂ ನಿರಪಾಯವಾದುದನ್ನೂ ನಾವು ಕಾಣೆವು. ಆ ಕಿರಿಯ ಮಾರ್ಗ ಈಗ ಅಗಲ ಹಳಿಯಾಗಿದೆ. ಚಿಕ್ಕಬಳ್ಳಾಪುರ–ಕೋಲಾರ ಭಾಗ 2013ರಲ್ಲಿ ಹೊಸ ರೂಪದಲ್ಲಿ ತೆರೆಯಿತು.

ಇನ್ನು ಸರಪಳಿ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕ್ಯಾನಸ್ಟೋಟ ಎಂಬ ಊರಿನ ಹ್ಯಾರಿ ವೀಡ್ ಎಂಬವನು 1904ರಲ್ಲಿ ಗಾಳಿ ತುಂಬಿದ ಚಕ್ರಕ್ಕೆ ತೊಡಿಸುವ ಸರಪಳಿಗೆ ಹಕ್ಕುಪತ್ರ ಪಡೆದನು. ಅದಕ್ಕೆ ಮುಂಚೆ ಮೋಟಾರಿನವರು ಕೆಸರಿನಲ್ಲಿಯೂ ಹಿಮದಲ್ಲಿಯೂ ಚಕ್ರಗಳಿಗೆ ಹಗ್ಗ ಸುತ್ತಿಕೊಳ್ಳುತ್ತಿದ್ದರು. ವೀಡನ ಸರಪಳಿಯ ರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ: ಚಕ್ರದ ಎರಡು ಪಕ್ಕಗಳಲ್ಲಿ ಎರಡು ಸುತ್ತು ಸರಪಳಿ, ಅವುಗಳ ನಡುವೆ ಚಕ್ರದ ಮೈಮೇಲೆ ಅಡ್ಡಲಾಗಿ ಹಾದುಹೋಗುವ ತುಂಡುಗಳು. ಆ ಅಡ್ಡತುಂಡುಗಳು ಮೆತ್ತಗಿನ ಪದರವನ್ನು ಕಚ್ಚಿ ಅದರ ಕೆಳಗಿನ ಗಟ್ಟಿನೆಲೆಯನ್ನು ಹುಡುಕುತ್ತವೆ. ಅದೇ ದಶಕದಲ್ಲಿ ಬೇರೆ ದಾರಿಗಳನ್ನು ಹುಡುಕಿದವರೂ ಉಂಟು. 1904ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪೆನಿ ಗೆರೆಗಳುಳ್ಳ ಚಕ್ರವನ್ನೂ, 1905ರಲ್ಲಿ ಫ್ರಾನ್ಸಿನ ಮಿಷೆಲಿನ್ ಕಂಪೆನಿ ಉಕ್ಕಿನ ಗುಬುಟುಗಳನ್ನು ಕೂರಿಸಿದ ತೊಗಲಿನ ಹೊದಿಕೆಯ ಚಕ್ರವನ್ನೂ ಹೊರತಂದುವು. ಗೆರೆಯ ಚಕ್ರ ಯಾವಾಗಲೂ ಇರುವ ಸಾಧನ. ಸರಪಳಿ ಆಗಾಗ್ಗೆ ಬೇಕಾಗುವ ಸಾಧನ. ಎರಡೂ ಉಳಿದುವು. ಏಕೆಂದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಸರಪಳಿಗೆ ಒಂದು ದೊಡ್ಡ ಮಿತಿಯಿದೆ. ಹಿಮವಾಗಲಿ ಕೆಸರಾಗಲಿ ಇಲ್ಲದ ಗಟ್ಟಿರಸ್ತೆಯ ಮೇಲೆ ಅದಕ್ಕೆ ಕಚ್ಚಲು ಏನೂ ಸಿಕ್ಕುವುದಿಲ್ಲ. ರಬ್ಬರಿಗೂ ರಸ್ತೆಗೂ ನಡುವೆ ಕಬ್ಬಿಣ ಬಂದು ಹಿಡಿತ ಕಡಿಮೆಯಾಗುತ್ತದೆ, ಚಕ್ರವೂ ರಸ್ತೆಯೂ ಹಾಳಾಗುತ್ತವೆ. ಸರಪಳಿಯನ್ನು ಎಂಜಿನ್ನಿನ ಬಲ ಬರುವ ಗಾಲಿಗಳಿಗೇ ತೊಡಿಸಬೇಕು, ನಿಧಾನವಾಗಿ ಹೋಗಬೇಕು, ಬರಿಯ ರಸ್ತೆ ಸಿಕ್ಕಿದೊಡನೆ ಕಳಚಬೇಕು. ಕಾಶ್ಮೀರಕ್ಕೋ ಹಿಮಾಚಲಕ್ಕೋ ಚಳಿಗಾಲದಲ್ಲಿ ಹೋಗುವ ನಮ್ಮ ಕಡೆಯವರು ಈ ಕಳಚುವ ಭಾಗವನ್ನು ಮರೆಯುವುದುಂಟು. ಹಾಗೆ ಹೋಗುವವನು ತನ್ನ ಚಕ್ರದ ಅಳತೆಗೆ ಸರಿಯಾದ ಸರಪಳಿಯನ್ನೇ ಒಯ್ಯಬೇಕು, ಹೊರಡುವ ಮುಂಚೆ ಮನೆಯ ಮುಂದೆ ಒಮ್ಮೆ ತೊಡಿಸಿ ನೋಡಬೇಕು. ಕೈ ಮರಗಟ್ಟುವ ಚಳಿಯಲ್ಲಿ ಮೊದಲ ಪಾಠ ಕಲಿಯುವುದು ಕಷ್ಟ.

ಹಿಮದಲ್ಲಿ ಸಾಧನವನ್ನು ಗಾಲಿಗೆ ತೊಡಿಸುವುದಕ್ಕಿಂತ ನೆಲವನ್ನೇ ಸಿದ್ಧಪಡಿಸುವುದು ಮೇಲೆಂಬುದಕ್ಕೆ ಕನ್ನಡನಾಡಿನೊಡನೆ ಸಂಬಂಧವುಳ್ಳ ಒಂದು ದೃಷ್ಟಾಂತವುಂಟು. 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯನ್ನು ಭಾರತೀಯ ಸೇನೆ ಟ್ಯಾಂಕುಗಳೊಡನೆ ಭೇದಿಸಿತು. ಆ ಕಾರ್ಯದ ನೇತೃತ್ವ ಕೊಡಗಿನ ಕೆ. ಎಸ್. ತಿಮ್ಮಯ್ಯನವರದು. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳು ಏರಬೇಕಾಗಿದ್ದ ದಾರಿಯನ್ನು ಅಗಲಮಾಡಿಕೊಟ್ಟವರು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು. ಟ್ಯಾಂಕು ತನ್ನ ಹಾಸುಹಳಿಯನ್ನು ತಾನೇ ಹೊತ್ತು ತಿರುಗುವ ವಾಹನ. ಆದರೂ ಮೊದಲು ಗುದ್ದಲಿಯಿಂದ ದಾರಿಯಾಗಬೇಕಾಯಿತು. 1791ರಲ್ಲಿ ನಂದಿಯ ಪಶ್ಚಿಮದ ಇಳಿಜಾರಿನಲ್ಲಿ ಆದುದೂ ಇದೇ.

ನಮ್ಮ ತಾಲ್ಲೂಕುಗಳಲ್ಲಿ ಸರಪಳಿಗೆ ನಿಜವಾದ ಸರಿಜೋಡಿಯಾಗಿ ಇಂದು ಕಾಣಬರುವುದು ಟ್ರ್ಯಾಕ್ಟರಿನ ಕೇಜ್ ವೀಲ್. ಕೆರೆಯ ಕೆಳಗಿನ ಗದ್ದೆಯನ್ನು ಕೆಸರು ಮಾಡುವಾಗ ರಬ್ಬರಿನ ಚಕ್ರ ಸುಮ್ಮನೆ ಸುತ್ತುತ್ತದೆ. ಕಬ್ಬಿಣದ ಪಟ್ಟಿಗಳನ್ನು ಬೆಸೆದ ಪಂಜರದಂಥ ಗಾಲಿಯನ್ನು ತೊಡಿಸಿದರೆ ಅದು ಕೆಸರನ್ನು ಕಚ್ಚಿ ಮುಂದಕ್ಕೆ ತಳ್ಳುತ್ತದೆ. ಗದ್ದೆಯಲ್ಲಿ ಇದು ಉತ್ತಮ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗ ಕಳಚುವ ಬೇಸರಕ್ಕೆ ಹಾಗೆಯೇ ಟಾರು ರಸ್ತೆಯ ಮೇಲೆ ಓಡಿಸಿದರೆ ರಸ್ತೆಯ ಮೈಯೆಲ್ಲ ಕೊರೆದುಹೋಗುತ್ತದೆ. ಹಾಗೆ ಓಡಿಸಕೂಡದೆಂದು ಅಧಿಕಾರಿಗಳು ಎಚ್ಚರಿಸುತ್ತಲೇ ಬಂದಿದ್ದಾರೆ. ರೈತನ ಕಡೆಯ ನ್ಯಾಯವನ್ನೂ ನೋಡಬೇಕು. ಒಂದು ಜೊತೆ ಪಂಜರದ ಗಾಲಿ ಬಿಚ್ಚಿ ಕಟ್ಟುವುದು ಇಬ್ಬರು ಆಳುಗಳ ಕೆಲಸ. ಬಾಡಿಗೆಯ ಟ್ರ್ಯಾಕ್ಟರಿಗೆ ಗಂಟೆಯ ಲೆಕ್ಕದಲ್ಲಿ ಹಣ. ಕಳಚುವುದು ಸುಲಭವಾಗದ ಹೊರತು ಯಾವ ಸಾಧನವನ್ನೂ ಜನ ಕಳಚುವುದಿಲ್ಲ ಎಂಬುದು ಎತ್ತಿನ ಲಾಳದಿಂದ ಹಿಡಿದು ಇಂದಿನವರೆಗೂ ಸತ್ಯವಾಗಿದೆ.

ಜಾರುವ ದಾರಿಯಿಂದ ಆಗುವ ನಷ್ಟ ಎಂಥದೆಂದು ತಿಳಿಯಲು ಶಿಡ್ಲಘಟ್ಟದ ರೇಷ್ಮೆಯನ್ನು ನೋಡಬೇಕು. ಚಂದ್ರಿಕೆಯ ಮೇಲೆ ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ರೈತನಿಗೆ ಉಳಿಯುವುದು ಕೆಲವೇ ದಿನ. ಬಿಡಿಸಿದ ಗೂಡು ಮಾರುಕಟ್ಟೆ ಸೇರಿ, ಒಳಗಿನ ಕೋಶ ಚಿಟ್ಟೆಯಾಗಿ ಹೊರಬರುವ ಮೊದಲು ನೂಲು ತೆಗೆಯುವವನ ಕೈಗೆ ಬರಬೇಕು. ಚಿಟ್ಟೆ ತೂತು ಮಾಡಿದ ಗೂಡಿನಿಂದ ಎಳೆ ಒಂದೇ ಸಮನಾಗಿ ಬರುವುದಿಲ್ಲ, ಬೆಲೆ ಬಿದ್ದುಹೋಗುತ್ತದೆ. 1959ರ ಶಾಸನದ ಅನಂತರ ಗೂಡಿನ ಮಾರಾಟ ಸರ್ಕಾರದ ಮಾರುಕಟ್ಟೆಗಳಲ್ಲಿ ನಡೆಯಬೇಕಾದುದರಿಂದ ಹಳ್ಳಿಯ ಬಾಗಿಲಲ್ಲೇ ಕೊಟ್ಟುಬಿಡುವ ದಾರಿಯೂ ಕಿರಿದಾಯಿತು. ಗೂಡು ಹಗುರವಾದದ್ದು, ಆದರೆ ಒತ್ತಬಾರದು, ನೆನೆಯಬಾರದು. ಅಕ್ಟೋಬರಿನ ಜಡಿಮಳೆಯಲ್ಲಿ ಹಳ್ಳದ ಗೋಡಿನಲ್ಲಿ ಗಾಡಿ ಕೂತುಬಿಟ್ಟರೆ ಒಂದು ತಿಂಗಳ ದುಡಿಮೆ, ಸೊಪ್ಪಿನ ಖರ್ಚು, ಮೊಟ್ಟೆಯ ಸಾಲ ಎಲ್ಲವೂ ಆ ಹಳ್ಳದಲ್ಲಿಯೇ ಕೂತಂತೆ. ಭಾರವಾದ ರಾಗಿಯ ಮೂಟೆ ಒಂದು ವಾರ ತಡೆದೀತು, ಗೂಡು ತಡೆಯದು. ಆಗ ಗಾಡಿಯನ್ನು ಅಲ್ಲಿಯೇ ಬಿಟ್ಟು, ಗೂಡಿನ ಗಂಟುಗಳನ್ನು ಮನುಷ್ಯರು ತಲೆಯ ಮೇಲೆ ಹೊತ್ತು ದಾಟುವುದೇ ಸರಿಯಾದ ಆಯ್ಕೆ. ಬಳೆಗಾರನ ಮಲಾರದ ನ್ಯಾಯವೇ ಇಲ್ಲಿಯೂ.

ಇಂದು ಈ ಸೀಮೆಯಲ್ಲಿ ಚಳಿಗಾಲದ ಸಂಚಾರವೆಂದರೆ ಬೆಂಗಳೂರಿನವರು ಬೆಳಗಿನ ಜಾವಕ್ಕೆ ನಂದಿಯನ್ನು ಏರುವುದು. ಮಂಜು ಮುಸುಕಿ ಟಾರಿನ ತಿರುವುಗಳು ತೇವವಾಗಿರುತ್ತವೆ. ಇಲ್ಲಿ ಸರಪಳಿ ಕೂಡದು. ಕಚ್ಚಲು ಮೆತ್ತಗಿನ ಪದರವಿಲ್ಲ. ಗೆರೆ ಸವೆಯದ ಚಕ್ರ, ಇಳಿಯುವಾಗ ಕೆಳಗಿನ ಗೇರು, ತಿರುವಿಗೆ ಮೊದಲೇ ತಗ್ಗಿಸಿದ ವೇಗ ಇವಿಷ್ಟೇ ಸಾಕು. ರಸ್ತೆ ನೆನೆದಾಗಲೆಲ್ಲ ಬರಿಯ ರಬ್ಬರಿಗಿಂತ ಮಿಗಿಲಾದುದೇನನ್ನೋ ತೊಡಿಸಬೇಕೆಂಬ ಭ್ರಮೆಗೆ ಆನೆಯ ಪಾದ 1791ರಲ್ಲಿಯೇ ಉತ್ತರ ಹೇಳಿದೆ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಬೆಟ್ಟದ ಮೈ ಕುಸಿದು ರಸ್ತೆಯೇ ಕಡಿದುಹೋದಾಗ ಸುಮಾರು ಮೂರು ತಿಂಗಳು ಮೇಲಕ್ಕೆ ವಾಹನ ಹೋಗಲಿಲ್ಲ. ಸುಲ್ತಾನ್‌ಪೇಟೆಯ ಕಡೆಯಿಂದ ಬಂಡೆಯಲ್ಲಿ ಕಡಿದ ಹಳೆಯ ಮೆಟ್ಟಿಲುಗಳಿಗೆ ಏನೂ ಆಗಲಿಲ್ಲವೆಂದು ಹೇಳುವ ಆಸೆಯಾಗುತ್ತದೆ. ಅದನ್ನು ಅಳೆದು ನೋಡಿದವರು ಹೇಳಲಿ.

ಈ ವಿಷಯದಲ್ಲಿ ಮುಂದೆ ಆಗಬೇಕಾದ ಕೆಲಸ ಮುಖ್ಯವಾಗಿ ಬಾಯಿಮಾತಿನ ಸಂಗ್ರಹ. ಲಾಳ ಕಟ್ಟುವವರು, ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವ ಕಮ್ಮಾರರು, ಟ್ರ್ಯಾಕ್ಟರಿನ ಬಾಡಿಗೆಯವರು ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡವನ್ನೂ ತೆಲುಗನ್ನೂ ಬೆರೆಸಿ ಆಡುವ ವೃತ್ತಿಯ ಪದಗಳು ನಮ್ಮ ನಿಘಂಟುಗಳಲ್ಲಿ ಅರ್ಧದಷ್ಟೂ ಸೇರಿಲ್ಲ. ಒಂದೇ ತಗಡಿಗೆ ಚಿಂತಾಮಣಿಯ ಸಂತೆಯಲ್ಲಿ ಒಂದು ಹೆಸರು, ಗೌರಿಬಿದನೂರಿನಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನು ಬರೆದಿಟ್ಟುಕೊಳ್ಳಬೇಕಾದ ಕಾಲ ಇದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಈ ಕೆಲಸವನ್ನು ಆರಂಭಿಸುವುದು ಅನುಕೂಲ. ಅಲ್ಲಿಗೆ ಹಳ್ಳಿಕಾರ್ ಎತ್ತುಗಳನ್ನು ಹೊಡೆದುಕೊಂಡು ಬರುವವರಲ್ಲಿ ಲಾಳ ಬಲ್ಲ ಹಿರಿಯರು ಇಂದಿಗೂ ಸಿಕ್ಕುತ್ತಾರೆ.